ಆರನೆಯ ತಟ್ಟೆ

ಇನ್ನಂಜೆ, ಕಾಪು
11 ಜುಲೈ 1999

ಪ್ರಿಯ ಮನೋರಮಾ,

ಬ್ಯಾಂಕಿನವರು ನಿನ್ನನ್ನು ಮಡಗಾಂವಿನಲ್ಲಿ ಮಡಗಿದ್ದಾರೆ ಎಂದು ಕುಕ್ಕುಂದೂರಿನ ನಿನ್ನ ಅಮ್ಮ ಹೇಳಿದರು. ಸಂತೋಷ. ಕನ್ನಡ ಎಂ.ಎ. ಮಾಡಿ ಬ್ಯಾಂಕು ಸೇರಿದ ನನ್ನ ಶಿಷ್ಯರಲ್ಲಿ ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡುವವಳು ನೀನೊಬ್ಬಳೇ. ಫೋನು ಮಾಡಬೇಡ. ನಮ್ಮ ಫೋನು ಮಳೆಗಾಲ ಬಂತೆಂದರೆ ಸಮಾಧಿ ಸ್ಥಿತಿಗೆ ಹೋಗುತ್ತದೆ, ದೀಪಾವಳಿಗೆ ಕಣ್ಣು ಬಿಡುತ್ತದೆ.

ಒಂದು ಕೆಲಸ ಉಂಟು. ನಮ್ಮ ಬ್ರೆಡ್ಡಿನ ಅಲೆಕ್ಸ್ ಬಾಬ್ ನೆನಪಿದ್ದಾರಲ್ಲ? ನೋಟ್ಸ್ ಕೇಳುವ ನೆವದಲ್ಲಿ ನಮ್ಮ ಮನೆಗೆ ಬಂದು ನೀವೆಲ್ಲ ಮುಗಿಸಿ ಹೋಗುತ್ತಿದ್ದದ್ದು ಅವರ ಉಂಡೊವನ್ನೇ, ಕಳ್ಳು ಹಾಕಿ ಉಬ್ಬಿಸಿದ ಆ ಉರುಟು ಬ್ರೆಡ್ಡನ್ನು. ಯೀಸ್ಟ್ ಆರ್ ವೆಸ್ಟ್, ಕಳ್ಳೇ ಬೆಸ್ಟ್. ಬರುವ ಜನವರಿಯಲ್ಲಿ ಕಾಪುವಿನಲ್ಲಿ ಅವರಿಗೆ ಸನ್ಮಾನ. ನಮ್ಮ ಜಿಲ್ಲೆಯಲ್ಲಿ ಚೆನ್ನಾಗಿ ಬರುವ ಬೆಳೆ ಎರಡು, ಭತ್ತ ಮತ್ತು ಅಭಿನಂದನಾ ಗ್ರಂಥ. ಈ ಗ್ರಂಥಕ್ಕೆ ಸಂಪಾದಕ ನಾನು.

ಬಾಬ್ ಗೋವೆಯವರು. ಪೋರ್ಚುಗೀಸರ ಕಾಲದಲ್ಲಿ ಅಪ್ಪನ ಬೇಕರಿಯಿಂದ ಮನೆಮನೆಗೆ ಬ್ರೆಡ್ ಕೊಡುತ್ತಿದ್ದ ಹುಡುಗ, ಬುಟ್ಟಿಯ ತಳದಲ್ಲಿ ‘ಪೋರ್ಚುಗೀಸರೇ ತೊಲಗಿ’ ಎಂಬ ಕರಪತ್ರ ಇಟ್ಟು ಹಂಚಿದರು. 1955ರ ಮಳೆಗಾಲದಲ್ಲಿ ಪೊಲೀಸರು ಹುಡುಕುತ್ತಿದ್ದಾರೆ ಎಂದು ತಿಳಿದು ಕಾರವಾರದ ಕಡೆಯಿಂದ ಗಡಿ ದಾಟಿ ಕರಾವಳಿ ಹಿಡಿದು ಇಲ್ಲಿಗೆ ಬಂದರು. ಗಡಿಪಾರಾದವರು ಅನ್ನುತ್ತಾರೆ ಜನ. ಗಡಿ ಪಾರು ಮಾಡಿದವರು ಎಂದು ನಾನು ಬರೆದಿದ್ದೇನೆ. ಅಲ್ಲಿನ ಕೋರ್ಟು ಗೈರುಹಾಜರಿಯಲ್ಲೇ ಎಂಟು ವರ್ಷದ ಶಿಕ್ಷೆ ಕೊಟ್ಟಿತು. ಗೈರುಹಾಜರಾದವರನ್ನು ನಾನು ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದೆ, ಪೋರ್ಚುಗೀಸರು ಒಳಗೆ ಹಾಕುತ್ತಿದ್ದರು.

ನಮ್ಮ ಹಿರಿಯರೂ ಅಲ್ಲಿಂದ ಓಡಿ ಬಂದ ಕೊಂಕಣಿ ಕ್ರೈಸ್ತರೇ. ಅದೇ ದಾರಿ, ಅದೇ ಭಾಷೆ. ಬಾಬ್ ಮುನ್ನೂರು ವರ್ಷ ತಡವಾಗಿ ಬಂದರು, ಅಷ್ಟೆ. ಆದರೂ ನಲವತ್ತನಾಲ್ಕು ವರ್ಷದಿಂದ ಅವರು ನಮಗೆ ‘ಗೊಂಯ್ಕಾರ್’, ಗೋವೆಯವರು. 1961ರಲ್ಲಿ ಗೋವೆಗೆ ಬಿಡುಗಡೆಯಾಯಿತು, ಇವರು ಹೋಗಲಿಲ್ಲ. ಈಗ ಮಡಗಾಂವಿನ ರೈಲು ನಮ್ಮ ಇನ್ನಂಜೆಯಲ್ಲೇ ನಿಲ್ಲುತ್ತದೆ. ಬಾಬ್ ಆ ಗಾಡಿಯ ಕೂಗು ಕೇಳಿ ಒಲೆಗೆ ಸೌದೆ ಹಾಕುತ್ತಾರೆ, ಗಾಡಿ ಹತ್ತುವುದಿಲ್ಲ. ನಮ್ಮ ಊರಿನ ಮೇಲೆ ಎಂಥ ಪ್ರೀತಿ! ಗ್ರಂಥದಲ್ಲಿ ಅದಕ್ಕೊಂದು ಅಧ್ಯಾಯವೇ ಉಂಟು.

ವಿಚಿತ್ರ ಒಂದೇ. ಸೆಪ್ಟೆಂಬರ್ ಎಂಟರ ಮೊಂತಿ ಫೆಸ್ತ್, ನಮ್ಮ ಹೊಸ ಅಕ್ಕಿಯ ಹಬ್ಬ, ನಿನಗೆ ಗೊತ್ತು. ಇಗರ್ಜಿಯಲ್ಲಿ ಮಂತ್ರಿಸಿದ ತೆನೆಯ ಕಾಳನ್ನು ಪುಡಿಮಾಡಿ ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುವುದು. ಮುಂಬೈಯಲ್ಲೋ ಗಲ್ಫಿನಲ್ಲೋ ಇರುವವರಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸುವುದು. ಊರಿನ ಆ ಲಕೋಟೆಗಳನ್ನೆಲ್ಲ ಒಟ್ಟುಮಾಡಿ, ಬ್ರೆಡ್ ಬುಟ್ಟಿಯ ತಳದಲ್ಲಿಟ್ಟು ಅಂಚೆಗೆ ಮುಟ್ಟಿಸುವವರು ಬಾಬ್. ಆದರೆ ಆ ದಿನ ಯಾರ ಮನೆಯಲ್ಲೂ ಉಣ್ಣುವುದಿಲ್ಲ. ಸಕ್ಕರೆ ಕಾಯಿಲೆ ಇರಬೇಕು ಎಂದು ನಾನು. “ಕಾಯಿಲೆ ನಿಮ್ಮ ತಲೆಗೆ” ಎಂದು ನನ್ನ ಹೆಂಡತಿ ಐರಿನ್.

ಅವರ ಹಳ್ಳಿಗೆ ಹೋಗಿ ಮನೆಯ ಒಂದು ಫೋಟೊ, ಅಲ್ಲಿರುವವರ ಎರಡು ಮಾತು ತಾ ಮಾರಾಯ್ತಿ. ಡುಲ್ಸಿನ್ ಎಂಬ ಅಕ್ಕ ಇದ್ದಾರಂತೆ. ಬಾಬ್‌ಗೆ ನಾನು ಹೇಳಿಲ್ಲ.

ನಿನ್ನ ಗುರು,
ಲಿಯೋನೆಲ್ ಕ್ಯಾಸ್ಟಲಿನೊ


ಮಡಗಾಂವ್
27 ಆಗಸ್ಟ್ 1999

ಪ್ರೀತಿಯ ಸರ್,

ಮಡಗಿದ ಜಾಗದಲ್ಲಿ ಕ್ಷೇಮ. ನಮ್ಮ ಶಾಖೆಯಲ್ಲಿ ಶಾಖ ಜಾಸ್ತಿ, ಫ್ಯಾನು ಮ್ಯಾನೇಜರರ ಕೋಣೆಯಲ್ಲಿ ಮಾತ್ರ.

ಕಳೆದ ಭಾನುವಾರ ಹೋಗಿದ್ದೆ. ಬಸ್ಸು ಇಳಿದು ಗದ್ದೆಯ ಬದುವಿನಲ್ಲಿ ಇಪ್ಪತ್ತು ನಿಮಿಷ. ಹಳೆಯ ಬೇಕರಿಯ ಮಾಡು ಬಿದ್ದಿದೆ, ಒಲೆಯ ಬಾಯಿಯಲ್ಲಿ ದಾಸವಾಳ ಬೆಳೆದಿದೆ. ಡುಲ್ಸಿನ್ ಬಾಯ್ (ಹಿರಿಯ ಹೆಂಗಸರನ್ನು ಇಲ್ಲಿ ಗೌರವಕ್ಕೆ ಹೀಗೆ ಕರೆಯುವುದು) ಅವರಿಗೆ ಎಪ್ಪತ್ತೆರಡು. ನೆಟ್ಟಗೆ ನಡೆಯುತ್ತಾರೆ, ನೆಟ್ಟಗೆ ನೋಡುತ್ತಾರೆ, ಮಾತೂ ನೆಟ್ಟಗೆ. ಅಲೆಕ್ಸ್ ಬಾಬ್ ಇರುವ ಊರಿನಿಂದ ಬಂದೆ ಎಂದಾಗ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. “ಕೈ ತೊಳೆದುಕೊ” ಅಂದರು.

ಅವತ್ತೇ ಅವರ ಹೊಸ ಅಕ್ಕಿಯ ಹಬ್ಬ. ಆ ಊರಲ್ಲಿ ಅದು ಆಗಸ್ಟಿನಲ್ಲೇ. ಮನೆಯಲ್ಲಿ ಐದು ಜನ: ಬಾಯ್, ತೀರಿಹೋದ ತಮ್ಮನ ಹೆಂಡತಿ, ಅವರ ಮಗ, ಸೊಸೆ, ಒಂದು ಮಗು. ಮೇಜಿನ ಮೇಲೆ ಮಾತ್ರ ಆರು ತಟ್ಟೆ. ನಾನು ಬರುವುದು ಯಾರಿಗೂ ಗೊತ್ತಿರಲಿಲ್ಲ. ಆರನೆಯದು ನೀಲಿ ಹೂವಿನದು, ಅಂಚು ಒಡೆದದ್ದು. “ನೀನು ಅಲ್ಲಿಂದ ಬಂದವಳು, ಇದರಲ್ಲಿ ನೀನು ಉಣ್ಣು” ಎಂದು ಅದರಲ್ಲೇ ನನಗೆ ಬಡಿಸಿದರು. ಅತಿಥಿಗೆ ಒಡೆದ ತಟ್ಟೆ ಕೊಡುವುದು ಇಲ್ಲಿನ ಮರ್ಯಾದೆಯೋ ಏನೋ, ಪಾಯಸದ ಹಾಲು ಒಡೆದಿರಲಿಲ್ಲ.

ಹೊರಡುವಾಗ ಕೇಳಿದೆ: “ಅಲೆಕ್ಸ್ ಬಾಬ್‌ಗೆ ಏನಾದರೂ ಕಳಿಸುತ್ತೀರಾ? ನಾಲ್ಕು ಕಾಳು?”

“ಇಲ್ಲ. ಈ ಮನೆಯಿಂದ ಅವನಿಗೆ ಏನೂ ಹೋಗುವುದಿಲ್ಲ” ಎಂದು ಬಾಗಿಲು ಹಾಕಿದರು.

ಬೇಸರ ಮಾಡಿಕೊಳ್ಳಬೇಡಿ. ಗ್ರಂಥಕ್ಕೆ ಬೇಕಾದ್ದು ಇಷ್ಟೇ ಸಿಕ್ಕಿದ್ದು. ಫೋಟೊ ಇಟ್ಟಿದ್ದೇನೆ.

ನಿಮ್ಮ ಶಿಷ್ಯೆ,
ಮನೋರಮಾ


ಇನ್ನಂಜೆ
12 ಸೆಪ್ಟೆಂಬರ್ 1999

ಪ್ರಿಯ ಮನೋರಮಾ,

ತಪ್ಪು ನನ್ನದು. ಶಿಷ್ಯರ ಕಾಗದ ಬಂದರೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವ ಚಟ ನನಗೆ. ಬಾಬ್ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದರು. ಆಶ್ಚರ್ಯಪಡಿಸೋಣ ಎಂದು ಮೊದಲು ಫೋಟೊ ಕೊಟ್ಟೆ. ತುಂಬ ಹೊತ್ತು ನೋಡಿ, “ಒಲೆಯಲ್ಲಿ ದಾಸವಾಳ” ಎಂದರು. ಆಮೇಲೆ ನಿನ್ನ ಕಾಗದ ಓದಿದೆ. ಮೂವತ್ತು ವರ್ಷ ಕಾವ್ಯ ಓದಿಸಿದ ಗಂಟಲು ನೋಡು, ಬಾಗಿಲು ಹಾಕಿದ ಸಾಲನ್ನು ಭಾವ ತುಂಬಿ ಓದಿದೆ. ಕಾಫಿ ಅರ್ಧಕ್ಕೆ ಇಟ್ಟು ಎದ್ದು ಹೋದರು.

ಎಂಟನೇ ತಾರೀಕು ಲಕೋಟೆ ಒಟ್ಟುಮಾಡಲು ಬರಲೇ ಇಲ್ಲ. ಪೋಸ್ಟ್‌ಮ್ಯಾನ್ ಲೀಲಾಧರ ಮನೆಗೇ ಬಂದ. “ಎಂತ ಮಾಸ್ಟ್ರೇ, ಗೊಂಯ್ಕಾರರಿಗೆ ಹುಷಾರಿಲ್ವಾ? ಊರಿನ ಒಂದು ಲಕೋಟೆಯೂ ಬರ್ಲಿಲ್ಲ. ಗಲ್ಫಿನವರು ಈ ಸಲ ಉಪವಾಸವೇ!”

ಸನ್ಮಾನವೂ ಬೇಡವಂತೆ. ನಾನು ಹೋಗಿ ಬೇಡಿದರೆ, “ಬೇಕಾದರೆ ಬ್ರೆಡ್ಡಿಗೆ ಸನ್ಮಾನ ಮಾಡಿ ಮಾಸ್ಟ್ರೇ. ಅದಕ್ಕೆ ಉಬ್ಬಿ ಅಭ್ಯಾಸ ಉಂಟು” ಎಂದರು. ನನ್ನ ಜೀವನದಲ್ಲಿ ಇನ್ನೊಬ್ಬರ ಶ್ಲೇಷೆಗೆ ನಾನು ನಗದೇ ಇದ್ದದ್ದು ಅದೇ ಮೊದಲು.

ಐರಿನ್ ನಾಲ್ಕು ದಿನದಿಂದ ನನಗೆ ಅನ್ನ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ.

ನೀನು ಗೊತ್ತಿದ್ದದ್ದನ್ನು ಬರೆಯದೆ ಬಿಟ್ಟರೆ ಕೈಬರಹ ದೊಡ್ಡದಾಗುತ್ತದೆ, ಪರೀಕ್ಷೆಯಲ್ಲೂ ಹಾಗೇ. ನಿನ್ನ ಕೊನೆಯ ಪ್ಯಾರಾದ ಅಕ್ಷರ ಒಂದೊಂದೂ ತೆಂಗಿನಕಾಯಿ ಗಾತ್ರ ಉಂಟು. ಎಂತ ಬಿಟ್ಟಿದ್ದೀ?

ಲಿಯೋನೆಲ್


ಮಡಗಾಂವ್
20 ನವೆಂಬರ್ 1999

ಪ್ರೀತಿಯ ಸರ್,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆದು ಹರಿದದ್ದು ಮೂರು.

ಇದನ್ನು ದಯವಿಟ್ಟು ಜಗಲಿಯಲ್ಲಿ ಓದಬೇಡಿ. ಅಲೆಕ್ಸ್ ಬಾಬ್ ಗಡಿ ದಾಟಿದ ಮರುದಿನ ಬೆಳಿಗ್ಗೆ ಬ್ರೆಡ್ ಹಂಚಲು ಬುಟ್ಟಿ ಹೊತ್ತು ಹೋದದ್ದು ಅವರ ತಮ್ಮ. ತಳದಲ್ಲಿ ಕರಪತ್ರ ಉಳಿದಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಪೊಲೀಸರು ಬುಟ್ಟಿ ನೋಡಿ ಅವನನ್ನೇ ಹಿಡಿದರು. ಆಗ್ವಾದ ಕೋಟೆಯ ಸೆರೆಮನೆಯಲ್ಲಿ ಇಪ್ಪತ್ತಾರು ತಿಂಗಳು. ಬಿಡುಗಡೆಯಾಗಿ ಬಂದಾಗ ಹೊಡೆತಕ್ಕೆ ಎಡಗಿವಿ ಹೋಗಿತ್ತು. 1987ರಲ್ಲಿ ತೀರಿಕೊಂಡ. ಬಾಯ್ ಇಷ್ಟನ್ನು ಅಕ್ಕಿ ಆರಿಸುತ್ತಾ ಹೇಳಿದರು, ತಲೆ ಎತ್ತಲಿಲ್ಲ.

ನಿಮ್ಮ ಗ್ರಂಥದ ನಾಯಕರ ಬಗ್ಗೆ ನನ್ನ ಕೈಯಿಂದ ಇದನ್ನು ಬರೆಯಲು ಮನಸ್ಸಾಗಲಿಲ್ಲ. ತಪ್ಪು ನಿಮ್ಮದೊಂದೇ ಅಲ್ಲ.

ಮನೋರಮಾ


ಇನ್ನಂಜೆ
4 ಡಿಸೆಂಬರ್ 1999

ಪ್ರಿಯ ಮನೋರಮಾ,

ನಿನ್ನ ಕಾಗದವನ್ನು ಬಾಯಿಮುಚ್ಚಿ ಓದಿ ಐರಿನ್ ಕೈಗೆ ಕೊಟ್ಟೆ. ಓದಿದವಳೇ ಛತ್ರಿ ತೆಗೆದುಕೊಂಡು ಬೇಕರಿಗೆ ಹೋದಳು. ಎರಡು ಗಂಟೆ ಬಿಟ್ಟು ಬಂದಳು, ಸೆರಗೆಲ್ಲ ಮೈದಾ.

ಬಾಬ್‌ಗೆ ತಮ್ಮನ ವಿಷಯ ಗೊತ್ತಿತ್ತು. 1956ರಲ್ಲೇ ಗೋವೆಯ ಒಬ್ಬ ಹಡಗಿನ ಖಲಾಸಿ ಮಲ್ಪೆಯಲ್ಲಿ ಹೇಳಿದನಂತೆ. ಇವರು ಇಲ್ಲಿರುವುದನ್ನು ಮನೆಗೆ ಮುಟ್ಟಿಸಿದವನೂ ಅವನೇ. “ನನ್ನ ಹೆಸರಿನಲ್ಲಿ ಅವನು ಸೆರೆಮನೆಯಲ್ಲಿದ್ದ ಐರಿನ್ ಬಾಯ್. ನಾನು ಯಾವ ಹೆಸರಿನಲ್ಲಿ ಕಾಗದ ಬರೀಲಿ?” ಎಂದರಂತೆ.

ಇನ್ನೊಂದು ಕೇಳು. ಅವರ ಮನೆಯಿಂದ ಅವರಿಗಿಂತ ಮೊದಲು ಯಾರೂ ಊರು ಬಿಟ್ಟವರಿಲ್ಲ. ದೂರ ಹೋದವರಿಗೆ ಹಬ್ಬದಲ್ಲಿ ಎಂತ ಮಾಡುತ್ತಾರೆ ಎಂದು ಅವರು ಕಲಿತದ್ದು ನಮ್ಮನ್ನು ನೋಡಿ. ಮನೆಯವನೆಂದು ಲೆಕ್ಕಕ್ಕೆ ಹಿಡಿದವರಿಗೆ ಕಾಳು ಬರುತ್ತದೆ, ಅಲ್ವಾ? ಗೋವೆಗೆ ಬಿಡುಗಡೆಯಾಗಿ ಅಂಚೆ ಸುರುವಾದ ವರ್ಷದಿಂದ ಪ್ರತಿ ಹಬ್ಬಕ್ಕೂ ಅವರು ಲಕೋಟೆ ಕಾದರು. ಊರಿನವರ ಲಕೋಟೆ ಹೊತ್ತು ಅಂಚೆ ಕಚೇರಿಗೆ ಹೋಗುತ್ತಿದ್ದದ್ದು, ತನಗೊಂದು ಬಂದಿದೆಯೋ ಎಂದು ಕೇಳುವುದಕ್ಕೆ. ಮನೆಯ ಕಾಳು ಬರುವವರೆಗೆ ಬೇರೆಯವರ ಹೊಸ ಅಕ್ಕಿ ಉಣ್ಣುವುದಿಲ್ಲ ಎಂದು ಹರಕೆ. ಮೂವತ್ತೇಳು ಸೆಪ್ಟೆಂಬರ್! ನಾನು ಅದಕ್ಕೆ ಸಕ್ಕರೆ ಕಾಯಿಲೆ ಎಂದು ಹೆಸರಿಟ್ಟಿದ್ದೆ.

ಅವರಿಗೆ ಅರವತ್ತೆಂಟು. ಅಕ್ಕನಿಗೆ ಎಪ್ಪತ್ತೆರಡು. ಇನ್ನು ಎಷ್ಟು ಸೆಪ್ಟೆಂಬರ್ ಉಂಟು? ನಾಲ್ಕೇ ಕಾಳು ಮನೋರಮಾ. ಹೇಗಾದರೂ ಕಳಿಸುವ ಹಾಗೆ ಮಾಡು.

ಲಿಯೋನೆಲ್


ಮಡಗಾಂವ್
16 ಜನವರಿ 2000

ಪ್ರೀತಿಯ ಸರ್,

ನಿಮ್ಮ ಕಾಗದ ಓದುತ್ತಿದ್ದ ಹಾಗೆ ನನಗೆ ನೆನಪಾದದ್ದು ಆ ಆರನೆಯ ತಟ್ಟೆ. ಇವತ್ತು ಹೋಗಿ ನೇರ ಕೇಳಿದೆ.

ಅದು ಅಲೆಕ್ಸ್ ಬಾಬ್ ಅವರದು. ಚಿಕ್ಕಂದಿನಲ್ಲಿ ಅವರೇ ಬೀಳಿಸಿ ಅಂಚು ಒಡೆದದ್ದು. ನಲವತ್ತನಾಲ್ಕು ವರ್ಷದಿಂದ ಹಬ್ಬದ ದಿನ ಅವರ ಪಾಲು ಬಡಿಸಿ ಇಡುತ್ತಾರೆ. ಕಳೆದ ವರ್ಷ ಅವರ ಊರಿನವಳು ಬಂದಳೆಂದು ಅದನ್ನು ನನಗೆ ಕೊಟ್ಟರು. ಅವರ ಪಾಲು ಉಂಡವಳು ನಾನು ಸರ್, ಉಂಡು ನಿಮಗೆ ತಮಾಷೆ ಬರೆದೆ!

ಕಾಳು ಮಾತ್ರ ಕಳಿಸುವುದಿಲ್ಲವಂತೆ. “ಕಳಿಸಿದರೆ ಅವನು ಬರುವುದಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ. ಮನೆಯವನ ಪಾಲು ಮನೆಯಲ್ಲಿರುತ್ತದೆ, ಅವನು ಬಂದು ಉಣ್ಣಬೇಕು. ಮನೆ ಎಲ್ಲಿಗೂ ಓಡಿಹೋಗಿಲ್ಲವಲ್ಲ, ಓಡಿದವನು ಅವನು” ಎಂದರು. ಇನ್ನೊಂದು ಕಾರಣವನ್ನೂ ಹೇಳಿದರು, ಅದು ಬರೆಯುವಂಥದ್ದಲ್ಲ. ಅವರು ಅಲ್ಲಿ ಲಕೋಟೆ ಕಾಯುವುದು, ಇವರು ಇಲ್ಲಿ ತಟ್ಟೆ ಕಾಯುವುದು. ಬಾಬ್‌ಗೆ ಹೇಳಿ ಸರ್. ಈ ಸಲ ಜಗಲಿಯಲ್ಲೇ ಓದಿ.

ಮನೋರಮಾ


ಇನ್ನಂಜೆ
9 ಸೆಪ್ಟೆಂಬರ್ 2000

ಪ್ರಿಯ ಮನೋರಮಾ,

ಇಷ್ಟು ದಿನ ಬರೆಯದೆ ಇದ್ದದ್ದು ನಾಚಿಕೆಯಿಂದ. ನಿನ್ನ ಜನವರಿಯ ಕಾಗದ ಓದಿ ಹೇಳಿದೆ, ಬಾಬ್ ನಂಬಲಿಲ್ಲ.

“ಮಾಸ್ಟ್ರೇ, ನೀವು ಒಳ್ಳೆಯವರು. ಒಳ್ಳೆ ಕಥೆ ಕಟ್ಟುತ್ತೀರಿ.”

ಕಾಗದ ಅವರ ಕೈಗೇ ಕೊಟ್ಟೆ. ಅವರಿಗೆ ಕನ್ನಡ ಅಕ್ಷರ ಬಾರದು. “ಓದುವುದು ನೀವೇ ಅಲ್ವಾ?” ಎಂದು ಹಿಂದೆ ಕೊಟ್ಟರು. ನನ್ನ ಕರಡಿನಲ್ಲಿ ಅವರ ಕರಪತ್ರ ಹತ್ತು ಇದ್ದದ್ದು ಸಾವಿರವಾದದ್ದನ್ನು ನಾನು ಓದಿ ಹೇಳುವಾಗಲೇ ಅವರು ಕೇಳಿದ್ದಾರೆ. ಬದುಕಿಡೀ ತಮಾಷೆ ಮಾಡಿದವನಿಗೆ ಒಂದೇ ಒಂದು ನಿಜ ಹೇಳುವ ದಿನ ಸಾಕ್ಷಿ ಸಿಗಲಿಲ್ಲ ನೋಡು. ಏಳು ತಿಂಗಳು ಬ್ರೆಡ್ ಬಂತು, ಬಾಬ್ ಮೆಟ್ಟಿಲು ಹತ್ತಲಿಲ್ಲ.

ನಿನ್ನೆ ಹಬ್ಬ. ಐರಿನ್ ಇಗರ್ಜಿಯಿಂದ ತೆನೆ ತಂದವಳು ಮನೆಗೆ ಬರದೆ ನೇರ ಬೇಕರಿಗೆ ಹೋದಳು. ನಾನು ಹಿಂದಿನಿಂದ, ಬಾಯಿ ತೆರೆಯಬಾರದು ಎಂಬ ಷರತ್ತಿನ ಮೇಲೆ. ತೆನೆಯನ್ನು ಹಿಟ್ಟಿನ ಹಲಗೆಯ ಮೇಲಿಟ್ಟು ಕೇಳಿದಳು:

“ಬಾಬ್, ಕಾಳು ಕಳಿಸುವುದು ಯಾರು?”

“ಮನೆಯಲ್ಲಿದ್ದವರು.”

“ಯಾರಿಗೆ?”

“ದೂರ ಇದ್ದವರಿಗೆ.”

“ನಲವತ್ತೈದು ವರ್ಷದಿಂದ ನಿಮ್ಮ ಒಲೆ ಎಲ್ಲಿ ಉರಿಯುವುದು? ಇದು ಮನೆಯಲ್ಲದಿದ್ದರೆ ಎಂತ, ಬಸ್‌ಸ್ಟ್ಯಾಂಡಾ? ದೂರ ಇರುವವರು ನಿಮ್ಮ ಅಕ್ಕ. ಕಳಿಸಬೇಕಾದವರು ನೀವು.”

ಬಾಬ್ ಕೈ ಒರೆಸಿಕೊಂಡರು. ಏಳು ಕಾಳು ಬಿಡಿಸಿ ಲಕೋಟೆಗೆ ಹಾಕಿ, ರೋಮನ್ ಅಕ್ಷರದಲ್ಲಿ ವಿಳಾಸ ಬರೆದರು. ಹಿಂಬದಿಯಲ್ಲಿ ನಮ್ಮ ಮನೆಯ ವಿಳಾಸ. ಒಳಗೆ ಒಂದು ಸಾಲೂ ಬರೆಯಲಿಲ್ಲ. “ಊರಿನವರು ಯಾರೂ ಬರೆಯುವುದಿಲ್ಲವಲ್ಲ, ಕಾಳೇ ಕಾಗದ” ಎಂದರು. ಎಷ್ಟೋ ಸಾವಿರ ಲಕೋಟೆ ಹೊತ್ತ ಬುಟ್ಟಿಯಲ್ಲಿ ಮೊದಲ ಸಲ ಅವರದೊಂದು ಹೋಯಿತು. ನೀನು ಹೋಗಿ ಅಕ್ಕನ ಮುಖ ನೋಡಿ ಬರೆ.

ಲಿಯೋನೆಲ್


ಮಡಗಾಂವ್
21 ಸೆಪ್ಟೆಂಬರ್ 2000

ಸರ್,

ಅನಾಹುತವಾಗಿದೆ. ಎರಡು ವಾರ ತರಬೇತಿಗೆ ಪುಣೆಗೆ ಹೋಗಿದ್ದೆ. ನಿನ್ನೆ ಬಂದು ನಿಮ್ಮ ಕಾಗದ ಓದಿ ಇವತ್ತು ಬೆಳಿಗ್ಗೆ ಹಳ್ಳಿಗೆ ಓಡಿದೆ.

ಜನವರಿಯಲ್ಲಿ ಬರೆಯದೆ ಬಿಟ್ಟ ಇನ್ನೊಂದು ಕಾರಣ ಇತ್ತಲ್ಲ, ಅದು ಇದು: ಆ ಮನೆಯಲ್ಲಿ ಹೊಸ ಅಕ್ಕಿಯ ಪಾಲು ಹೊಸಿಲು ದಾಟಿ ಹೊರಗೆ ಹೋಗುವುದು ಸತ್ತವರ ಹೆಸರಿನಲ್ಲಿ ಮಾತ್ರ. ಅಡುಗೆಮನೆಯ ಹೆಂಗಸರ ನಿಯಮ ಅದು, ಅಲೆಕ್ಸ್ ಬಾಬ್‌ಗೆ ಗೊತ್ತಿರಲಾರದು. ಅಶುಭ ಎಂದು ನಾನು ಬರೆಯಲಿಲ್ಲ. ಈಗ ಅಲೆಕ್ಸ್ ಬಾಬ್ ಅವರ ಊರಿನಿಂದ, ಒಂದು ಸಾಲೂ ಇಲ್ಲದ ಲಕೋಟೆಯಲ್ಲಿ ಏಳು ಕಾಳು ಬಂತು. ಬಾಯ್ ಅದನ್ನು ಕೈಯಲ್ಲಿ ಹಿಡಿದು, “ಹೋದ” ಎಂದರಂತೆ. ಇಗರ್ಜಿಯಲ್ಲಿ ಅವರ ಆತ್ಮಕ್ಕೆ ಪೂಜೆಯೂ ಆಗಿದೆ. ನಿನ್ನೆ ಕಪ್ಪು ಬಟ್ಟೆ ಉಟ್ಟು, ಆ ತಟ್ಟೆಯನ್ನು ಟವೆಲಿನಲ್ಲಿ ಸುತ್ತಿ, ಒಬ್ಬರೇ ರೈಲು ಹತ್ತಿದ್ದಾರೆ. ಗೋರಿಯ ಮೇಲೆ ಇಡಲಿಕ್ಕಂತೆ!

ನಿಮ್ಮ ಫೋನು ಸಮಾಧಿಯಲ್ಲಿದೆ. ಟೆಲಿಗ್ರಾಂ ಕೊಟ್ಟಿದ್ದೇನೆ. ಈ ಕಾಗದ ತಲುಪುವಾಗ ಎಲ್ಲ ಮುಗಿದಿರುತ್ತದೆ. ಎರಡು ಸಲ ನಿಮ್ಮಿಂದ ಏನೇನೋ ಮುಚ್ಚಿಟ್ಟೆ, ಎರಡು ಸಲವೂ ಕೆಟ್ಟಿತು. ಬಾಯ್ ಅವರ ಎದೆ ಗಟ್ಟಿ ಇರಲಿ ಎಂದು ದೇವರಲ್ಲಿ ಬೇಡುತ್ತಿದ್ದೇನೆ.

ಮನೋರಮಾ


ಇನ್ನಂಜೆ
25 ಸೆಪ್ಟೆಂಬರ್ 2000

ಪ್ರಿಯ ಮನೋರಮಾ,

ನಿನ್ನ ಟೆಲಿಗ್ರಾಂ ಅವರು ಬಂದ ಮೂರನೇ ದಿನ ಬಂತು. ನೀನು ಕೊಟ್ಟದ್ದೆಷ್ಟೋ, ನಮಗೆ ಮುಟ್ಟಿದ್ದು ‘ಅಲೆಕ್ಸ್ ಜೀವಂತ ಇರಲಿ’, ಇಷ್ಟೇ. ಲೀಲಾಧರ ಕೇಳಿದ, “ಎಂತ ಮಾಸ್ಟ್ರೇ, ಇದು ಆಶೀರ್ವಾದವಾ?”

ಅವತ್ತು ಆದದ್ದು ಹೀಗೆ. ಸ್ಟೇಷನ್ನಿನಲ್ಲಿ ಇಳಿದ ಡುಲ್ಸಿನ್ ಬಾಯ್ ಲಕೋಟೆಯ ಹಿಂಬದಿ ತೋರಿಸಿ ಲೀಲಾಧರನನ್ನು ದಾರಿ ಕೇಳಿದರು. ಕಪ್ಪು ಬಟ್ಟೆ, ನಮ್ಮ ವಿಳಾಸ. ಸತ್ತದ್ದು ನಾನೇ ಎಂದು ಅವನು ತಿಳಿದುಕೊಂಡ. ತಲೆ ತಗ್ಗಿಸಿ ಕರೆದುಕೊಂಡು ಬಂದವನು, ಜಗಲಿಯಲ್ಲಿ ನಾನು ಪೇಪರ್ ಓದುವುದನ್ನು ಕಂಡು, “ಅಯ್ಯೋ, ನೀವು ಇದ್ದೀರಿ!” ಎಂದ. ಇಷ್ಟು ನಿರಾಶೆಯಿಂದ ನನ್ನನ್ನು ಯಾರೂ ಸ್ವಾಗತಿಸಿದ್ದಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ಪೊಂಪೊಂ ಎಂದು ಬ್ರೆಡ್ಡಿನ ಹಾರ್ನು. ಬಾಯ್ ತಿರುಗಿದರು. ಬಾಬ್ ಸೈಕಲ್ಲಿನಿಂದ ಇಳಿಯಲೂ ಇಲ್ಲ, ಒಂದು ಕಾಲು ನೆಲಕ್ಕೆ ಊರಿ ನಿಂತೇಬಿಟ್ಟರು.

“ಸತ್ತವನು ನೀನಲ್ಲವಾ?” ಎಂದರು ಬಾಯ್.

“ಇಲ್ಲ ಬಾಯ್. ಇನ್ನೂ ಹನ್ನೊಂದು ಮನೆಗೆ ಬ್ರೆಡ್ ಕೊಡ್ಲಿಕ್ಕುಂಟು.”

“ನಲವತ್ತೈದು ವರ್ಷ ಬದುಕಿದ್ದೀ ಎಂದು ಒಂದು ಕಾಗದ ಹಾಕಲಿಲ್ಲ. ಸತ್ತೆ ಎಂದು ಮಾತ್ರ ಹಾಕಿದೆ!”

“ಅದು ಸತ್ತದ್ದಕ್ಕಲ್ಲ. ಹಬ್ಬಕ್ಕೆ.”

“ಯಾವ ಊರಿನ ಹಬ್ಬ ಅದು, ಅನ್ನವನ್ನು ಅಂಚೆಗೆ ಹಾಕುವುದು?”

ಬಾಬ್ ನಮ್ಮನ್ನೆಲ್ಲ ಒಮ್ಮೆ ನೋಡಿ, “ನಮ್ಮ ಊರಿನದು” ಎಂದರು. ಆಮೇಲೆ ಬಾಯ್ ಟವೆಲು ಬಿಚ್ಚಿದರು. ತಟ್ಟೆ ಕಂಡ ಮೇಲೆ ಸೈಕಲ್ ಹಿಡಿದದ್ದು ಲೀಲಾಧರ, ಹನ್ನೊಂದು ಮನೆಗೆ ಬ್ರೆಡ್ ಮುಟ್ಟಿಸಿದವನೂ ಅವನೇ.

ಸಂಜೆ ಐರಿನ್ ಹೊಸ ಅಕ್ಕಿಯ ಪಾಯಸ ಮಾಡಿ ಆ ತಟ್ಟೆಗೆ ಬಡಿಸಿದಳು. ಬಾಬ್ ಕೈ ಹಾಕಲಿಲ್ಲ. “ತಮ್ಮ ಏನಾದರೂ ಹೇಳುತ್ತಿದ್ದನಾ?” ಎಂದು ಕೇಳಿದರು.

“ಸಾಯುವವರೆಗೆ ಈ ತಟ್ಟೆ ಇಡುತ್ತಿದ್ದವನು ಅವನೇ” ಎಂದರು ಬಾಯ್. “ತನ್ನ ಎಡಕ್ಕೆ ಇಡುತ್ತಿದ್ದ, ಕೇಳದ ಕಿವಿಯ ಕಡೆಗೆ. ಅಣ್ಣ ಬಂದ ಕೂಡಲೇ ತಪ್ಪಾಯ್ತು ತಪ್ಪಾಯ್ತು ಎಂದು ಸುರು ಮಾಡುತ್ತಾನೆ, ಅದೆಲ್ಲ ನನಗೆ ಕೇಳುವುದು ಬೇಡ, ಅವನು ಉಂಡರೆ ಸಾಕು ಅನ್ನುತ್ತಿದ್ದ.”

ಬಾಬ್ ಉಂಡರು. ಏನೋ ಒಂದು ತಮಾಷೆ ನನ್ನ ನಾಲಗೆಯ ತುದಿಗೆ ಬಂದಿತ್ತು, ಅನ್ನದ ಜೊತೆ ನುಂಗಿದೆ.

ಬಾಯ್ ನಿನ್ನೆ ಹೊರಟರು. ತಟ್ಟೆ ಒಯ್ಯಲಿಲ್ಲ. “ಆಗಸ್ಟಿನಲ್ಲಿ ಅವನೇ ತರಲಿ. ತರದಿದ್ದರೆ ನಮ್ಮ ಮೇಜಿಗೆ ಒಂದು ತಟ್ಟೆ ಕಮ್ಮಿ” ಎಂದರು. ಬಾಬ್ ಹೋಗುತ್ತಾರಂತೆ, ಆದರೆ ಸೆಪ್ಟೆಂಬರ್ ಎಂಟರೊಳಗೆ ವಾಪಸ್. “ಊರಿನ ಲಕೋಟೆ ಯಾರು ಹಾಕುವುದು ಮಾಸ್ಟ್ರೇ?”

‘ಊರಿನ ಮೇಲಿನ ಪ್ರೀತಿ’ ಎಂಬ ಅಧ್ಯಾಯವನ್ನು ಹರಿದು ಹಾಕಿದ್ದೆ. ತುಂಡು ಹೆಕ್ಕಿ ಪುನಃ ಅಂಟಿಸುತ್ತಿದ್ದೇನೆ. ಕರಪತ್ರಗಳನ್ನು ಮಾತ್ರ ಸಾವಿರದಿಂದ ಹತ್ತಕ್ಕೆ ಇಳಿಸಿದೆ.

ಲಿಯೋನೆಲ್


ಮಡಗಾಂವ್
26 ಆಗಸ್ಟ್ 2001

ಪ್ರೀತಿಯ ಸರ್,

ತಟ್ಟೆ ತಲುಪಿದೆ, ತಂದವರೂ ತಲುಪಿದ್ದಾರೆ. ಆತ್ಮಶಾಂತಿಯ ಪೂಜೆ ಮಾಡಿದ ಪಾದ್ರಿಗಳು ಬಂದು ಕೈ ಕುಲುಕಿದರು. ಬೆಳಿಗ್ಗೆ ಬಾಬ್ ಒಲೆಯ ಬಾಯಿಯಿಂದ ದಾಸವಾಳ ಕಿತ್ತು ಅಂಗಳದಲ್ಲಿ ನೆಟ್ಟರು. ವಾಪಸ್ ಟಿಕೇಟು ಮೂರನೇ ತಾರೀಕಿಗೆ.

ಊಟಕ್ಕೆ ಮನೆಯವರು ಆರು ಜನ, ಆರು ತಟ್ಟೆ. ನನಗೆ ಬಾಳೆಲೆ.

ಮನೋರಮಾ